ಮಕ್ಕಳ ಆಟಿಕೆ ಮಷೀನಿನಲ್ಲಿ ಐಸ್ ಕ್ರೀಮ್: ಮುಂಬೈ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಬೇಸಿಗೆ ರಜೆ ಬಂತೆಂದರೆ ಈ ಪ್ರಶ್ನೆಗಳೂ ಶುರು. ಊರಿಗೆ ಹೋಗುವ ಮತ್ಸ್ಯಗಂಧ ರೈಲಿನ ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿರುತ್ತದೆ, ಮಕ್ಕಳು ಮನೆಯಲ್ಲಿ ಕೂತು ಜೀವ ತಿನ್ನುತ್ತಿರುತ್ತವೆ, ಆಗ ಯಾರೋ ಮಾಮ ಬರ್ತ್‌ಡೇಗೆ ಕೊಟ್ಟ ಐಸ್ ಕ್ರೀಮ್ ಮಷೀನ್ ಕಪಾಟಿನ ಮೇಲಿಂದ ಕೆಳಗಿಳಿಯುತ್ತದೆ. ಡೊಂಬಿವಲಿ, ಥಾಣೆ, ಮುಲುಂಡ್, ಘಾಟ್ಕೋಪರ್ ಕಡೆಯ ನಮ್ಮವರು ಕೇಳುವುದು ಹೆಚ್ಚುಕಡಿಮೆ ಇವೇ. ಡಬ್ಬದೊಳಗಿನ ಸೂಚನೆಯ ಚೀಟಿ ಕಳೆದುಹೋಗಿದ್ದರೆ ಚಿಂತೆ ಬೇಡ. ಇದ್ದರೂ ಅದರಲ್ಲಿ ಬೇಕಾದದ್ದು ಇರುವುದು ಕಡಿಮೆ.

ಇದರಲ್ಲಿ ನಿಜವಾಗಲೂ ಐಸ್ ಕ್ರೀಮ್ ಆಗುತ್ತದಾ, ಅಥವಾ ಸುಮ್ನೆ ಆಟಕ್ಕೆ ಮಾತ್ರವಾ?

ಆಗುತ್ತದೆ. ಹೊರಗೆ ಬಕೆಟ್, ಒಳಗೆ ಲೋಹದ ಡಬ್ಬಿ, ಅದರೊಳಗೆ ತಿರುಗುವ ರೆಕ್ಕೆ, ಮೇಲೆ ಹ್ಯಾಂಡಲ್. ಅಮೆರಿಕದ ಫಿಲಡೆಲ್ಫಿಯಾದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲಿ ಪೇಟೆಂಟ್ ತೆಗೆದುಕೊಂಡ ಕೈಮಷೀನ್ ಕೂಡ ಹೀಗೇ ಇತ್ತು. ಅಷ್ಟು ದೂರ ಯಾಕೆ, ನಮ್ಮ ಭೇಂಡಿ ಬಜಾರಿನ ತಾಜ್ ಐಸ್ ಕ್ರೀಮ್‌ನವರು 1887ರಿಂದ ಇದೇ ಕ್ರಮದಲ್ಲಿ ಮಾಡಿಕೊಂಡು ಬಂದಿದ್ದಾರೆ. ಮುಂಬೈಯಲ್ಲಿ ಇದಕ್ಕೆ ಸಂಚಾ ಐಸ್ ಕ್ರೀಮ್ ಎನ್ನುತ್ತಾರೆ. ಪುಣೆ ಕಡೆ ಪಾಟ್ ಐಸ್ ಕ್ರೀಮ್. ನಿಮ್ಮ ಮಗಳ ಗುಲಾಬಿ ಬಣ್ಣದ ಮಷೀನ್ ಅದರ ಮರಿ, ಅಷ್ಟೇ.

ಆದರೆ ಅಂಗಡಿಯ ಸ್ಕೂಪ್ ನಿರೀಕ್ಷಿಸಬೇಡಿ. ಮಷೀನಿನಿಂದ ಬರುವಾಗ ಅದು ಮೆತ್ತಗೆ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಹದದಲ್ಲಿರುತ್ತದೆ. ಕೂಡಲೇ ತಿನ್ನಬೇಕು. ಅಂಗಡಿಯದು ಗಟ್ಟಿಯಾಗಿರುವುದಕ್ಕೆ ಕಾರಣ, ಕಡೆದ ಮೇಲೆ ಅದನ್ನು ತುಂಬ ತಣ್ಣನೆಯ ಕೋಣೆಯಲ್ಲಿಟ್ಟು ಮತ್ತೆ ಗಟ್ಟಿ ಮಾಡುತ್ತಾರೆ. ನಮ್ಮ ಬಳಿ ಆ ಕೋಣೆ ಇಲ್ಲ, ಅಡುಗೆಮನೆಯೇ ಆರಡಿ.

ಯಾವ ಮಷೀನ್ ತೆಗೆದುಕೊಳ್ಳಬೇಕು? ಅಂಗಡಿಯಲ್ಲಿ ಎಲ್ಲಾ ಒಂದೇ ತರ ಕಾಣುತ್ತದೆ.

ಮೊದಲು ಡಬ್ಬದ ಮೇಲಿನ ಚಿತ್ರ ಸರಿಯಾಗಿ ನೋಡಿ. ಕ್ರಾಫರ್ಡ್ ಮಾರ್ಕೆಟ್ ಸುತ್ತಮುತ್ತ ಐಸ್ ಕ್ರೀಮ್ ಮಷೀನ್ ಎಂದು ಕೊಡುವುದರಲ್ಲಿ ಎಷ್ಟೋ ಬರೀ ಗೋಲಾ ಮಷೀನ್, ಅಂದರೆ ಬರ್ಫ್ (ಮಂಜುಗಡ್ಡೆ) ಹೆರೆಯುವಂಥದ್ದು. ಅದರಲ್ಲಿ ಹಾಲು ಹಾಕಿ ಏನೂ ಆಗುವುದಿಲ್ಲ. ಕಾಲಾ ಖಟ್ಟಾ ಸಿರಪ್ ತಂದು ಗೋಲಾ ಮಾಡಿ ತಿನ್ನಿ, ಅದೂ ಚೆನ್ನಾಗೇ ಇರುತ್ತದೆ.

ನಿಜವಾದ ಐಸ್ ಕ್ರೀಮ್ ಮಷೀನಿನಲ್ಲಿ ಎರಡು ಬಗೆ. ಒಂದಕ್ಕೆ ಬರ್ಫ್ ಮತ್ತು ಉಪ್ಪು ಹಾಕಬೇಕು. ಇನ್ನೊಂದರ ಬೌಲ್‌ಗೆ ಜೋಡಿ ಗೋಡೆ ಇರುತ್ತದೆ, ನಡುವೆ ಒಂದು ದ್ರವ ತುಂಬಿರುತ್ತದೆ, ಆ ಬೌಲನ್ನು ಹಿಂದಿನ ದಿನವೇ ಫ್ರೀಜರಿನಲ್ಲಿಟ್ಟು ಮರುದಿನ ಬಳಸಬೇಕು. ನನ್ನನ್ನು ಕೇಳಿದರೆ ಉಪ್ಪು-ಬರ್ಫ್‌ನದೇ ತಗೊಳ್ಳಿ, ಅದೂ ಕೈಯಲ್ಲಿ ತಿರುಗಿಸುವಂಥದ್ದು. ಸೆಲ್ ಹಾಕುವ ಮಷೀನಿನ ಪುಟ್ಟ ಮೋಟಾರಿಗೆ, ಮಿಶ್ರಣ ಗಟ್ಟಿಯಾಗಲು ಶುರುವಾದ ಕೂಡಲೇ ಉಸಿರು ಕಟ್ಟುತ್ತದೆ. ಸರಿಯಾಗಿ ಬೇಕಾದ ಹೊತ್ತಿಗೇ ಅದು ನಿಲ್ಲುತ್ತದೆ.

ಇನ್ನು ಎರಡು ವಿಷಯ. ಒಳಗಿನ ಡಬ್ಬಿ ಲೋಹದ್ದೇ ಇರಬೇಕು. ಪ್ಲಾಸ್ಟಿಕ್ ಡಬ್ಬಿ ಇದ್ದರೆ ಹೊರಗಿನ ತಂಪು ಒಳಗೆ ಇಳಿಯುವುದೇ ಇಲ್ಲ. ಮತ್ತೆ ಐಎಸ್‌ಐ ಗುರುತು. 2021ರ ಜನವರಿಯಿಂದ ಭಾರತದಲ್ಲಿ ಮಾರುವ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ. ತಿನ್ನುವ ಪದಾರ್ಥ ತಾಗುವ ಭಾಗದಲ್ಲಿ ಲೋಟ ಮತ್ತು ಫೋರ್ಕಿನ ಚಿಹ್ನೆ ಇದೆಯಾ ಎಂದೂ ನೋಡಿ. ಮೂಗಿನ ಹತ್ತಿರ ಹಿಡಿದಾಗ ಪ್ಲಾಸ್ಟಿಕ್ ವಾಸನೆ ಗಪ್ಪೆಂದು ಹೊಡೆದರೆ ಅಲ್ಲೇ ವಾಪಸ್ ಕೊಡಿ.

ಉಪ್ಪು ಯಾಕೆ? "ಐಸ್ ಕ್ರೀಮಿಗೆ ಉಪ್ಪು ಹಾಕ್ತಾರಾ ಮಾರಾಯ್ತಿ" ಅಂತ ಅತ್ತೆ ಕೇಳುತ್ತಿದ್ದಾರೆ.

ಅತ್ತೆಗೆ ಹೇಳಿ, ಉಪ್ಪು ಐಸ್ ಕ್ರೀಮಿಗಲ್ಲ, ಹೊರಗಿನ ಬರ್ಫ್‌ಗೆ. ಒಳಗಿನ ಡಬ್ಬಿಗೆ ಒಂದು ಹರಳೂ ಬೀಳಬಾರದು.

ಬರೀ ಬರ್ಫ್ ಕರಗುವುದು ಸೊನ್ನೆ ಡಿಗ್ರಿಯಲ್ಲಿ. ಐಸ್ ಕ್ರೀಮ್ ಮಿಶ್ರಣದಲ್ಲಿ ಸಕ್ಕರೆ ಇರುವುದರಿಂದ ಅದು ಸೊನ್ನೆಯಲ್ಲಿ ಗಡ್ಡೆ ಕಟ್ಟುವುದಿಲ್ಲ, ಸುಮಾರು ಮೈನಸ್ 2 ಅಥವಾ 3 ಡಿಗ್ರಿಗೆ ಇಳಿದ ಮೇಲೆ ಶುರುವಾಗುತ್ತದೆ. ಹಾಗಾಗಿ ಬರೀ ಬರ್ಫ್ ಹಾಕಿ ಇಡೀ ದಿನ ತಿರುಗಿಸಿದರೂ ನಿಮಗೆ ಸಿಗುವುದು ತಣ್ಣನೆಯ ಹಾಲು. ಉಪ್ಪು ಬಿದ್ದರೆ ಕತೆ ಬೇರೆ. ಉಪ್ಪುನೀರು ಹೆಪ್ಪುಗಟ್ಟಲು ಸೊನ್ನೆಗಿಂತ ಬಹಳ ಕೆಳಗೆ ಹೋಗಬೇಕು. ಅದಕ್ಕೇ ಉಪ್ಪು ತಾಗಿದ ಬರ್ಫ್ ಕರಗಲು ಶುರುಮಾಡುತ್ತದೆ. ಕರಗಬೇಕಾದರೆ ಬಿಸಿ ಬೇಕು, ಒಂದು ಗ್ರಾಂ ಬರ್ಫ್‌ಗೆ 80 ಕ್ಯಾಲರಿ. ಆ ಬಿಸಿಯನ್ನು ಅದು ಪಕ್ಕದಲ್ಲಿರುವ ಲೋಹದ ಡಬ್ಬಿಯಿಂದ, ಅಂದರೆ ನಿಮ್ಮ ಹಾಲಿನಿಂದ ಎಳೆದುಕೊಳ್ಳುತ್ತದೆ. ಉಪ್ಪಿನ ಪ್ರಮಾಣ ತೂಕದಲ್ಲಿ ಶೇಕಡಾ 23ರ ಹತ್ತಿರ ಬಂದರೆ ಈ ಉಪ್ಪುನೀರು ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ಮನೆಯ ಬಕೆಟಿನಲ್ಲಿ ಅಷ್ಟು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮೈನಸ್ 10 ಆದರೂ ಸಾಕು.

ಏಳನೇ ಕ್ಲಾಸಿನ ಮಗು ಮನೆಯಲ್ಲಿದ್ದರೆ ಒಂದು ಥರ್ಮಾಮೀಟರ್ ತಂದುಕೊಡಿ. ಜ್ವರದ್ದಲ್ಲ, ಮೈನಸ್ ತೋರಿಸುವಂಥದ್ದು. ಉಪ್ಪು ಹಾಕುತ್ತಿದ್ದಂತೆ ಬರ್ಫ್ ಕರಗುತ್ತಲೂ ಇದೆ, ಅದೇ ಹೊತ್ತಿಗೆ ಮತ್ತೂ ತಣ್ಣಗಾಗುತ್ತಲೂ ಇದೆ ಎಂಬುದನ್ನು ಕಣ್ಣಾರೆ ಕಂಡರೆ ವಿಜ್ಞಾನದ ಪುಸ್ತಕದ ಆ ಪಾಠ ಮತ್ತೆ ಓದಿಸಬೇಕಾಗಿಲ್ಲ.

ಎಷ್ಟು ಉಪ್ಪು? ಯಾವ ಉಪ್ಪು?

ಹರಳುಪ್ಪು. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಖಡಾ ಮೀಠ್ ಎಂದು ಕೇಳಿ. ಪುಡಿ ಉಪ್ಪಿನಿಂದಲೂ ಕೆಲಸ ಆಗುತ್ತದೆ, ಆದರೆ ಅದು ಬೇಗ ಕರಗಿ ತಳಕ್ಕೆ ಇಳಿದುಬಿಡುತ್ತದೆ, ಮೇಲಿನ ಬರ್ಫ್ ಹಾಗೇ ಉಳಿಯುತ್ತದೆ. ಸೈಂಧವ ಲವಣ, ಗುಲಾಬಿ ಉಪ್ಪು ಎಲ್ಲ ಸುಮ್ನೆ ದುಡ್ಡು ದಂಡ. ವಡಾಲಾ, ಭಾಂಡುಪ್, ಮುಲುಂಡ್ ಕಡೆ ಉಪ್ಪಿನ ಗದ್ದೆಗಳನ್ನು ನೋಡಿಕೊಂಡು ಓಡಾಡುವ ನಾವು ಹಿಮಾಲಯದ ಉಪ್ಪನ್ನು ಬಕೆಟಿಗೆ ಸುರಿಯುವುದೇ?

ಒಂದು ಕಿಲೋ ಬರ್ಫ್‌ಗೆ 250ರಿಂದ 300 ಗ್ರಾಂ ಉಪ್ಪು. ಆಟಿಕೆಯ ಚೀಟಿಯಲ್ಲಿ ಎರಡು ಚಮಚ ಎಂದೇನಾದರೂ ಬರೆದಿದ್ದರೆ ನಂಬಬೇಡಿ. ಗಟ್ಟಿಯಾಗುತ್ತಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಉಪ್ಪಿಗೆ ಕೈ ಬಿಗಿ ಹಿಡಿದವರೇ. ಹಾಕುವ ಕ್ರಮ ಹೀಗೆ: ಎರಡು ಬೆರಳು ದಪ್ಪ ಬರ್ಫ್, ಮೇಲೆ ಒಂದು ಹಿಡಿ ಉಪ್ಪು, ಮತ್ತೆ ಬರ್ಫ್, ಮತ್ತೆ ಉಪ್ಪು, ಡಬ್ಬಿಯ ಮುಚ್ಚಳಕ್ಕಿಂತ ಒಂದಿಂಚು ಕೆಳಗಿನವರೆಗೆ. ಮುಚ್ಚಳದ ಮಟ್ಟಕ್ಕೆ ತುಂಬಿಸಿದರೆ ಉಪ್ಪುನೀರು ಒಳಗೆ ಇಳಿಯುತ್ತದೆ. ಆಮೇಲೆ ಅದನ್ನು ಯಾರೂ ತಿನ್ನಲಾರರು, ನಾಯಿಯೂ ಮೂಸಿ ಹೋಗುತ್ತದೆ.

ಬರ್ಫ್ ಎಲ್ಲಿಂದ ತರುವುದು?

ಫ್ರಿಜ್ಜಿನ ಟ್ರೇಗಳಿಂದ. ಹಿಂದಿನ ದಿನವೇ ಎರಡು ಮೂರು ಸಲ ಟ್ರೇ ಖಾಲಿ ಮಾಡಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೂಡಿಹಾಕಿ. ದೊಡ್ಡ ತುಂಡು ಬೇಡ. ಹಳೇ ಟವೆಲ್‌ನಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ, ಕಡಲೆ ಗಾತ್ರ ಆದರೆ ಸಾಕು. ತೀರಾ ಪುಡಿ ಮಾಡಿದರೆ ಬೇಗ ಕರಗಿಹೋಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಮಾತ್ರ ಕುಟ್ಟಬೇಡಿ, ಕೆಳಗಿನ ಮನೆಯ ಕಾಕೂ ಮೇಲೆ ಬರುತ್ತಾರೆ.

ಮೀನು ಮಾರ್ಕೆಟಿನ ಬರ್ಫ್ ತರಬಹುದಾ ಎಂದು ಕೆಲವರು ಕೇಳುತ್ತಾರೆ. ಬೇಡ. ತಿನ್ನಲು ಯೋಗ್ಯವಲ್ಲದ ಬರ್ಫ್‌ಗೆ ನೀಲಿ ಬಣ್ಣ ಬೆರೆಸಬೇಕೆಂದು ಮಹಾರಾಷ್ಟ್ರದಲ್ಲಿ 2018ರಲ್ಲೇ ನಿಯಮ ಬಂದಿದೆ. ಹೊರಗಿನ ಬಕೆಟಿಗೆ ತಾನೇ ಎನ್ನಬಹುದು, ಆದರೆ ಮಕ್ಕಳ ಕೈ ಎಲ್ಲಿ ಹೋಗಿ ಎಲ್ಲಿಗೆ ಬರುತ್ತದೆ ಎಂದು ನಿಮಗೂ ಗೊತ್ತು.

ಒಳಗೆ ಏನು ಹಾಕಬೇಕು? ಬರೀ ಹಾಲು ಸಾಲದಾ?

ಸಾಲದು. ಹಾಲಿನಲ್ಲಿ ನೀರೇ ಜಾಸ್ತಿ. ಆ ನೀರು ದೊಡ್ಡ ದೊಡ್ಡ ಹರಳಾಗಿ ಕೂತರೆ ತಿನ್ನುವಾಗ ನಾಲಿಗೆಗೆ ಕರಕರ ಎನ್ನುತ್ತದೆ. ಕೊಬ್ಬು, ಸಕ್ಕರೆ, ಹಾಲಿನಪುಡಿ ಇವೆಲ್ಲ ಸೇರಿ ಹರಳು ದೊಡ್ಡದಾಗದಂತೆ ತಡೆಯುತ್ತವೆ.

ನಾನು ಎಲ್ಲರಿಗೂ ಹೇಳುವ ಅಳತೆ ಇದು. ಫುಲ್ ಕ್ರೀಮ್ ಹಾಲು 100 ಮಿ.ಲೀ., ಪ್ಯಾಕೆಟ್ಟಿನ ಫ್ರೆಶ್ ಕ್ರೀಮ್ 100 ಮಿ.ಲೀ., ಸಕ್ಕರೆ ಮೂರು ಟೇಬಲ್ ಚಮಚ, ಹಾಲಿನಪುಡಿ ಒಂದು ಚಮಚ, ಚಿಟಿಕೆ ಏಲಕ್ಕಿ ಅಥವಾ ಎರಡು ಹನಿ ವೆನಿಲ್ಲಾ. ಅಮುಲ್ ಗೋಲ್ಡ್ ಹಾಲಿನಲ್ಲಿ ಕೊಬ್ಬು ಶೇಕಡಾ 6, ಫ್ರೆಶ್ ಕ್ರೀಮಿನಲ್ಲಿ ಶೇಕಡಾ 25. ಎರಡೂ ಸೇರಿ, ಸಕ್ಕರೆಯೂ ಕೂಡಿ, ಮಿಶ್ರಣದಲ್ಲಿ ಶೇಕಡಾ 12-13 ಕೊಬ್ಬು ನಿಲ್ಲುತ್ತದೆ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಐಸ್ ಕ್ರೀಮ್ ಎಂದು ಬರೆದು ಮಾರಲು ಕಡಿಮೆಯೆಂದರೆ ಶೇಕಡಾ 10 ಹಾಲಿನ ಕೊಬ್ಬು ಬೇಕು. ಅಂಗಡಿಯಲ್ಲಿ ಫ್ರೋಜನ್ ಡೆಸರ್ಟ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದಲ್ಲ, ಅದರಲ್ಲಿ ಹಾಲಿನ ಕೊಬ್ಬಿನ ಬದಲು ಎಣ್ಣೆಯ ಕೊಬ್ಬು ಇರುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಆಟಿಕೆಯದೇ ಅಪ್ಪಟ ಮಾಲು.

ಹಾಲನ್ನು ಕುದಿಸಿ, ಸಕ್ಕರೆ ಕರಗಿಸಿ, ಆರಿಸಿ, ಆಮೇಲೆ ಕ್ರೀಮ್ ಸೇರಿಸಿ. ಡಬ್ಬಿಯ ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಕಡೆಯುವಾಗ ಗಾಳಿ ಸೇರಿ ಉಬ್ಬುತ್ತದೆ. ನಿಮ್ಮ ಡಬ್ಬಿ ಚಿಕ್ಕದಿದ್ದರೆ ಎಲ್ಲದರ ಅರ್ಧ ಹಾಕಿ.

ಸಕ್ಕರೆ ಕಡಿಮೆ ಮಾಡಬೇಕು ಎನ್ನುವವರಿಗೆ: ಸ್ವಲ್ಪ ಕಡಿಮೆ ಮಾಡಬಹುದು. ತೀರಾ ಇಳಿಸಿದರೆ ಕಲ್ಲಾಗುತ್ತದೆ. ಜಾಸ್ತಿ ಸುರಿದರೆ ಗಟ್ಟಿಯೇ ಆಗುವುದಿಲ್ಲ.

ತಿರುಗಿಸಿ ತಿರುಗಿಸಿ ಕೈ ಸೋತಿತು, ಇನ್ನೂ ನೀರು ನೀರು. ಎಲ್ಲಿ ತಪ್ಪಿದೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ.

ಉಪ್ಪು ಸರಿ ಹಾಕಿದ್ದೀರಿ ಎಂದರೆ ಮುಂದಿನ ಅನುಮಾನ ಮಿಶ್ರಣದ ಮೇಲೆ. ಅದನ್ನು ಫ್ರಿಜ್ಜಿನಲ್ಲಿ ನಾಲ್ಕು ಗಂಟೆಯಾದರೂ ಇಟ್ಟಿದ್ದಿರಾ? ಮುಂಬೈ ಮೇ ತಿಂಗಳಲ್ಲಿ ಅಡುಗೆಮನೆಯಲ್ಲಿಟ್ಟ ಹಾಲು 30 ಡಿಗ್ರಿಗೂ ಮೇಲೆ ಇರುತ್ತದೆ. ಅದನ್ನು ಸೊನ್ನೆಗೆ ಇಳಿಸಲು ಎಷ್ಟು ಬಿಸಿ ಹೊರಹೋಗಬೇಕೋ, ಅದರಲ್ಲಿರುವ ನೀರಿನ ಅರ್ಧವನ್ನು ಗಡ್ಡೆ ಕಟ್ಟಿಸಲೂ ಹತ್ತಿರ ಹತ್ತಿರ ಅಷ್ಟೇ ಬಿಸಿ ಹೊರಹೋಗಬೇಕು. ಅಂದರೆ ಆಟಿಕೆಯ ಪುಟ್ಟ ಬಕೆಟಿನ ಬರ್ಫ್ ಎರಡು ಪಟ್ಟು ದುಡಿಯಬೇಕು. ಫ್ರಿಜ್ಜಿಗೆ ಮಾಡಲು ಬಿಡಬಹುದಾದ ಕೆಲಸವನ್ನು ಬರ್ಫ್‌ನ ತಲೆಗೆ ಕಟ್ಟಬೇಡಿ. ಲೋಹದ ಡಬ್ಬಿ, ರೆಕ್ಕೆ ಕೂಡ ಫ್ರಿಜ್ಜಿನಲ್ಲೇ ಇರಲಿ.

ಆಮೇಲೆ ಬಕೆಟ್ಟಿನ ನೀರು. ಬರ್ಫ್ ಕರಗಿ ನೀರಾಯಿತೆಂದು ಅದನ್ನು ಚೆಲ್ಲಿ ಹೊಸ ಬರ್ಫ್ ತುಂಬುವವರಿದ್ದಾರೆ. ಚೆಲ್ಲಬೇಡಿ. ಆ ಉಪ್ಪುನೀರೇ ಡಬ್ಬಿಯನ್ನು ಸುತ್ತಲೂ ಮುಟ್ಟಿಕೊಂಡಿರುವುದು. ಬರ್ಫ್ ತುಂಡುಗಳ ನಡುವೆ ಗಾಳಿ ಇರುತ್ತದೆ, ನೀರಿನಲ್ಲಿ ಆ ತೊಂದರೆ ಇಲ್ಲ. ಮುಚ್ಚಳದ ಹತ್ತಿರ ಬಂದರೆ ಮಾತ್ರ ಸ್ವಲ್ಪ ತೆಗೆಯಿರಿ, ಮೇಲಿಂದ ಒಂದು ಹಿಡಿ ಬರ್ಫ್, ಅರ್ಧ ಹಿಡಿ ಉಪ್ಪು ಹಾಕಿ.

ಫ್ಯಾನಿನ ಕೆಳಗೆ ಕೂರಬೇಡಿ. ನಿಮಗೆ ಹಿತ, ಬಕೆಟಿಗೆ ಅಲ್ಲ. ಬಕೆಟಿಗೆ ಒಂದು ದಪ್ಪ ಟವೆಲ್ ಸುತ್ತಿ, ಗ್ಯಾಲರಿಯ ಬಿಸಿಲು ತಾಗದ ಮೂಲೆಯಲ್ಲಿ ಹಳೇ ಪೇಪರ್ ಹಾಸಿ ಕೂರಿ. ಹೊರಗೆಲ್ಲ ನೀರು ಬೆವರುತ್ತದೆ. ಅದು ಸೋರಿಕೆ ಅಲ್ಲ, ನಮ್ಮ ಊರಿನ ಗಾಳಿಯ ತೇವ.

ಎಲ್ಲ ಸರಿಯಿದ್ದರೆ 15-20 ನಿಮಿಷಕ್ಕೆ ಗೊತ್ತಾಗುತ್ತದೆ. ಮೊದಲು ಹ್ಯಾಂಡಲ್ ಸಲೀಸಾಗಿ ತಿರುಗುತ್ತದೆ, ಒಳಗೆ ಚಳಕ್ ಚಳಕ್ ಎಂಬ ಸದ್ದು. ಆಮೇಲೆ ಆ ಸದ್ದು ನಿಂತು ಮೆತ್ತನೆಯ ಸರಸರ. ಡಬ್ಬಿಯ ಗೋಡೆಗೆ ಬಿಳಿ ಪದರ ಹತ್ತಿಕೊಂಡು, ರೆಕ್ಕೆ ಅದನ್ನು ಹೆರೆದು ನಡುವೆ ತಳ್ಳುತ್ತಿರುತ್ತದೆ. ಹ್ಯಾಂಡಲ್ ಬಿಗಿಯಾಗಿ, ಮಗು ಎರಡೂ ಕೈ ಹಾಕಿ "ಪಪ್ಪಾ, ಇದು ಹೋಗ್ತಾ ಇಲ್ಲ" ಎಂದರೆ ನಿಲ್ಲಿಸಿ. ಅಲ್ಲಿಂದ ಮುಂದೆ ಹಟ ಮಾಡಿದರೆ ಮುರಿಯುವುದು ಪ್ಲಾಸ್ಟಿಕ್ ಹಲ್ಲು. ಅದರ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಮ್ಮದು ಫ್ರೀಜರಿನಲ್ಲಿಡುವ ಬೌಲ್. ಅದಕ್ಕೆ?

ಒಂದು ಇಡೀ ದಿನ ಫ್ರೀಜರಿನಲ್ಲಿರಲಿ. ಹೊರಗೆ ತೆಗೆದು ಕಿವಿ ಹತ್ತಿರ ಅಲುಗಿಸಿ ನೋಡಿ, ಒಳಗೆ ದ್ರವ ಕುಲುಕಿದರೆ ಇನ್ನೂ ಆಗಿಲ್ಲ. ಬಾಡಿಗೆ ಮನೆಗಳ ಹಳೇ ಒಂಟಿಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರ್ ಮೈನಸ್ 18 ಮುಟ್ಟುವುದೇ ಕಷ್ಟ, ಮೇಲಿಂದ ಅದರ ಬಾಗಿಲಿನ ಸುತ್ತ ಹಿಮದ ಗೋಡೆ ಬೆಳೆದಿರುತ್ತದೆ. ಮೊದಲು ಡಿಫ್ರಾಸ್ಟ್ ಮಾಡಿ, ಆಮೇಲೆ ಬೌಲ್ ಇಡಿ. ಒಂದು ಸಲ ಬಳಸಿದ ಮೇಲೆ ಮತ್ತೆ ಒಂದು ದಿನ ಕಾಯಬೇಕು. ಅಣ್ಣನಿಗೆ ಸಿಕ್ಕಿ ತಂಗಿಗೆ ಸಿಗದಿದ್ದರೆ ಆಗುವ ರಾದ್ಧಾಂತಕ್ಕೆ ನನ್ನ ಬಳಿ ಉತ್ತರ ಇಲ್ಲ.

ಯಾವ ಹಣ್ಣು ಹಾಕಬಹುದು?

ಮಾವು ಅಂತೂ ಇದ್ದೇ ಇದೆ. ಆಪೂಸ್ ದುಬಾರಿ ಅನಿಸಿದರೆ ಮೇ ಕೊನೆಗೆ ಕೇಸರ್ ತೆಗೆದುಕೊಳ್ಳಿ. ತಿರುಳನ್ನು ಬಿಸಿ ಹಾಲಿಗೆ ಹಾಕಬೇಡಿ, ಒಡೆಯಬಹುದು. ಎರಡೂ ತಣ್ಣಗಿರುವಾಗ ಬೆರೆಸಿ, ಸಕ್ಕರೆ ಒಂದು ಚಮಚ ಕಡಿಮೆ ಮಾಡಿ. ಚಿಕ್ಕು ಕೂಡ ಬಹಳ ಚೆನ್ನಾಗಿ ಬರುತ್ತದೆ, ಘೋಲ್ವಡ್ ಕಡೆಯದು ಸಿಕ್ಕರೆ ಸಕ್ಕರೆಯೇ ಜಾಸ್ತಿ ಬೇಡ. ಸೀತಾಫಲಕ್ಕೆ ಮಳೆಗಾಲ ಮುಗಿಯುವವರೆಗೆ ಕಾಯಬೇಕು, ಬೀಜ ಬಿಡಿಸುವ ತಾಳ್ಮೆಯೂ ಬೇಕು. ಆ ಕೆಲಸ ಮಾತ್ರ ಮಕ್ಕಳು ಮಾಡುವುದಿಲ್ಲ.

ಅನಾನಸ್, ಪಪ್ಪಾಯಿ, ಕಿವಿ ಹಣ್ಣು ಇವನ್ನು ಹಸಿಯಾಗಿ ಹಾಕಿದರೆ ಸ್ವಲ್ಪ ಹೊತ್ತಿಗೇ ಕಹಿ ಬರುತ್ತದೆ. ಅನಾನಸಿನಲ್ಲಿರುವ ಬ್ರೋಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದು ಕಾರಣ. ಸಕ್ಕರೆ ಹಾಕಿ ಐದಾರು ನಿಮಿಷ ಕುದಿಸಿ ಆರಿಸಿದರೆ ಆ ಕಾಟ ಇಲ್ಲ.

ನನಗೆ ಇಷ್ಟ ಎಳನೀರಿನದು. ಗಂಜಿಯನ್ನು, ಅಂದರೆ ಎಳನೀರಿನೊಳಗಿನ ಮೆತ್ತನೆಯ ತಿರುಳನ್ನು, ಎರಡು ಚಮಚ ಎಳನೀರಿನ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ ಹಾಕಿ. ಪೂರ್ತಿ ಎಳನೀರು ಸುರಿದರೆ ಬರ್ಫ್ ಹರಳು ಗ್ಯಾರಂಟಿ. ಕೊನೆಯ ಎರಡು ನಿಮಿಷದಲ್ಲಿ ಗಂಜಿಯ ಸಣ್ಣ ಚೂರುಗಳನ್ನು ಬಿಡಿ, ಮೊದಲೇ ಹಾಕಿದರೆ ರೆಕ್ಕೆಗೆ ಸಿಕ್ಕಿಕೊಳ್ಳುತ್ತವೆ. ಇದನ್ನು ಮುಂಬೈಗೆ ರುಚಿ ಹತ್ತಿಸಿದವರು ನಮ್ಮವರೇ ಅಲ್ವಾ? ಮುಲ್ಕಿ ಕಡೆಯ, ಹಣ್ಣಿನ ವ್ಯಾಪಾರಿಯ ಮಗ ರಘುನಂದನ್ ಕಾಮತ್ 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್ ಕ್ರೀಮ್ ಅಂಗಡಿ ಶುರುಮಾಡಿದರು. ಆಗ ಐಸ್ ಕ್ರೀಮ್ ಒಂದನ್ನೇ ನಂಬಿ ಜನ ಬರುತ್ತಾರೋ ಇಲ್ಲವೋ ಎಂದು ಜೊತೆಗೆ ಪಾವ್ ಭಾಜಿಯನ್ನೂ ಇಟ್ಟಿದ್ದರು. ಖಾರ ತಿಂದವರು ತಣ್ಣನೆಯದು ಕೇಳಿಯೇ ಕೇಳುತ್ತಾರೆ! 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಹಣ್ಣು, ಹಾಲು, ಸಕ್ಕರೆ ಇಷ್ಟರಲ್ಲೇ ಐಸ್ ಕ್ರೀಮ್ ಎಂಬ ಅವರ ದಾರಿ ಆಟಿಕೆ ಮಷೀನಿಗೂ ಸರಿಯಾಗಿ ಹೊಂದುತ್ತದೆ. ಎಸೆನ್ಸ್, ಬಣ್ಣ ಏನೂ ಬೇಡ.

ಮೊಟ್ಟೆ ಹಾಕಬೇಕಾ?

ಬೇಡ. ಹಸಿ ಮೊಟ್ಟೆ ಅಂತೂ ಮಕ್ಕಳಿಗೆ ಬೇಡವೇ ಬೇಡ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯ. ನುಣುಪು ಬೇಕಿದ್ದರೆ ಹಾಲು ಕುದಿಸುವಾಗ ಒಂದು ಸಣ್ಣ ಚಮಚ ಕಸ್ಟರ್ಡ್ ಪೌಡರ್ ಕಲಸಿ ಹಾಕಿ. ಅದು ಬಹುಪಾಲು ಕಾರ್ನ್‌ಫ್ಲೋರ್, ನಮ್ಮಲ್ಲಿ ಸಿಗುವುದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ನೋಡಿಕೊಂಡರಾಯಿತು.

ಮಕ್ಕಳ ಕೈಗೆ ಪೂರ್ತಿ ಬಿಟ್ಟುಬಿಡಬಹುದಾ?

ತಿರುಗಿಸಲು ಬಿಡಿ. ಬರ್ಫ್ ಮತ್ತು ಉಪ್ಪು ಸೇರಿಸುವುದು ದೊಡ್ಡವರ ಕೆಲಸ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬರೀ ಬರ್ಫ್ ಹಿಡಿದರೆ ಕೈ ಜುಮ್ಮೆನ್ನುತ್ತದೆ, ಅಷ್ಟೇ. ಉಪ್ಪು ಬೆರೆತ ಬರ್ಫ್ ಮೈನಸ್ 10-15 ಡಿಗ್ರಿಯಲ್ಲಿರುತ್ತದೆ. ಅದನ್ನು ಚರ್ಮಕ್ಕೆ ಒತ್ತಿ ಹಿಡಿದರೆ ಕೆಲವೇ ನಿಮಿಷದಲ್ಲಿ ಸುಟ್ಟ ಗಾಯದಂತೆ ಬೊಕ್ಕೆ ಏಳುತ್ತದೆ. ಯಾರು ಜಾಸ್ತಿ ಹೊತ್ತು ಹಿಡಿಯುತ್ತಾರೆ ನೋಡೋಣ ಎಂದು ಮಕ್ಕಳು ಪಂದ್ಯ ಕಟ್ಟುವುದುಂಟು. ಮೊದಲೇ ಹೇಳಿಬಿಡಿ. ಡಬ್ಬಿ ಎತ್ತುವಾಗ ಒಣ ಬಟ್ಟೆ ಹಿಡಿಯಿರಿ. ಒದ್ದೆ ಬೆರಳು, ಅದಕ್ಕಿಂತ ಹೆಚ್ಚಾಗಿ ನಾಲಿಗೆ, ತಣ್ಣನೆಯ ಲೋಹಕ್ಕೆ ಅಂಟಿಕೊಳ್ಳುತ್ತದೆ.

ಬರ್ತ್‌ಡೇ ಪಾರ್ಟಿಗೆ ಇದರಲ್ಲೇ ಮಾಡೋಣ ಅಂತಿದ್ದೇವೆ.

ದಯವಿಟ್ಟು ಬೇಡ. ಒಂದು ಸಲಕ್ಕೆ ಎರಡು, ಹೆಚ್ಚೆಂದರೆ ಮೂರು ಪುಟ್ಟ ಕಪ್ ಆಗುತ್ತದೆ. ಬಿಲ್ಡಿಂಗಿನ ಹದಿನೈದು ಮಕ್ಕಳು ಚಮಚ ಹಿಡಿದು ಸಾಲಾಗಿ ನಿಂತರೆ ಏನು ಮಾಡುತ್ತೀರಿ? ಫ್ಯಾಮಿಲಿ ಪ್ಯಾಕ್ ತನ್ನಿ, ಜೆಲ್ಲಿ, ಹಣ್ಣು, ಗೋಡಂಬಿ ಹಾಕಿ ಉದ್ದ ಗ್ಲಾಸಿನಲ್ಲಿ ಗಡ್‌ಬಡ್ ಮಾಡಿ ಕೊಡಿ. ಮಂಗಳೂರು-ಉಡುಪಿಯವರ ಮನೆ ಪಾರ್ಟಿಗೆ ಅದೇ ಶೋಭೆ. ಮಷೀನನ್ನು ನಡುವೆ ಇಟ್ಟು ಒಬ್ಬೊಬ್ಬರಿಗೆ ಇಪ್ಪತ್ತು ಸುತ್ತು ಕೊಟ್ಟರೆ ಅವರಿಗೆ ಅಷ್ಟೇ ಖುಷಿ.

ಖರ್ಚು ನೋಡಿದರೆ ಅಂಗಡಿಯದೇ ಅಗ್ಗ ಅಲ್ವಾ?

ಹೌದು, ಅಗ್ಗ. ಕ್ರೀಮು, ಹಾಲು, ಉಪ್ಪು, ಹಣ್ಣು ಎಲ್ಲ ಕೂಡಿಸಿ ನೋಡಿದರೆ ದುಡ್ಡು ಉಳಿಸಲು ಈ ದಾರಿ ಹಿಡಿಯುವಂತಿಲ್ಲ. ಒಂದು ಮಧ್ಯಾಹ್ನ ಮೊಬೈಲ್ ಮುಟ್ಟದೆ ಕಳೆಯುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉಳಿದದ್ದನ್ನು ಫ್ರೀಜರಿನಲ್ಲಿ ಇಡಬಹುದಾ?

ಉಳಿದರೆ ತಾನೇ! ಇಡುವುದಾದರೆ ಚಪ್ಪಟೆ ಸ್ಟೀಲ್ ಡಬ್ಬಿಯಲ್ಲಿ, ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ, ಮುಚ್ಚಳ ಹಾಕಿ. ಇಲ್ಲದಿದ್ದರೆ ಪಕ್ಕದಲ್ಲಿಟ್ಟ ಬಂಗುಡೆಯ ವಾಸನೆ ಹಿಡಿಯುತ್ತದೆ. ಇದರಲ್ಲಿ ಗಾಳಿ ಕಡಿಮೆ ಇರುವುದರಿಂದ ಮರುದಿನ ಕಲ್ಲಾಗಿರುತ್ತದೆ. ತಿನ್ನುವ ಹತ್ತು ನಿಮಿಷ ಮೊದಲು ಕೆಳಗಿನ ಖಾನೆಗೆ ಇಳಿಸಿ. ಕರೆಂಟ್ ಹೋಗಿ ಪೂರ್ತಿ ಕರಗಿದ್ದರೆ ಮತ್ತೆ ಗಟ್ಟಿ ಮಾಡಬೇಡಿ. ಹರಳು ಕಟ್ಟುವುದು ಒಂದು ಕಡೆ, ಕರಗಿ ಬೆಚ್ಚಗಾದ ಹಾಲಿನಲ್ಲಿ ಕ್ರಿಮಿ ಬೆಳೆಯುವುದು ಇನ್ನೊಂದು ಕಡೆ.

ಬಕೆಟಿನ ಉಪ್ಪುನೀರನ್ನು ಏನು ಮಾಡುವುದು? ಮಷೀನ್ ತೊಳೆಯುವುದು ಹೇಗೆ?

ಬಚ್ಚಲಿನ ಮೋರಿಗೆ ಚೆಲ್ಲಿ, ಹಿಂದೆಯೇ ಒಂದು ಬಕೆಟ್ ಒಳ್ಳೆ ನೀರು ಬಿಡಿ. ಗ್ಯಾಲರಿಯ ತುಳಸಿಗೋ ಕರಿಬೇವಿಗೋ ಹಾಕಿದರೆ ಗಿಡ ಸತ್ತಿತೆಂದೇ ಲೆಕ್ಕ. ಲೋಹದ ಡಬ್ಬಿಗೆ ಉಪ್ಪು ಅಂಟಿಕೊಂಡಿದ್ದರೆ ತುಕ್ಕು ಹಿಡಿಯುತ್ತದೆ, ನಮ್ಮ ಕಡಲಗಾಳಿಯಲ್ಲಿ ಅದಕ್ಕೆ ವಾರವೂ ಬೇಡ. ಹಾಗಾಗಿ ಐಸ್ ಕ್ರೀಮ್ ತೆಗೆದ ಕೂಡಲೇ ಹೊರಮೈಯನ್ನೂ ತೊಳೆದು ಒರೆಸಿ. ಹಾಲು ಸೇರಿಕೊಳ್ಳುವ ಜಾಗ ಎರಡು: ರೆಕ್ಕೆಯ ಕೆಳಗಿನ ಗುಂಡಿ, ಮುಚ್ಚಳದಲ್ಲಿ ಹ್ಯಾಂಡಲ್ ಕೂರುವ ತೂತು. ಹಳೇ ಟೂತ್‌ಬ್ರಷ್ಷಿಗೆ ಪಾತ್ರೆ ಸೋಪು ಹಚ್ಚಿ ಉಜ್ಜಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಕುದಿಯುವ ನೀರು ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಮುಚ್ಚಳ ಕೂರುವುದಿಲ್ಲ. ಮುಚ್ಚಳ ಹಾಕದೆ ಒಣಗಿಸಿ, ಒಳಗೆ ಒಂದು ಪೇಪರ್ ತುರುಕಿ ಕಪಾಟಿಗೆ ಏರಿಸಿ.